ಗೆದ್ದವರ ಆಕರದಲ್ಲಿ ಸೋತವರ ಆಚರಣೆ: ಹೆನ್ರಿಯ ಲಿವೋನಿಯಾ ವೃತ್ತಾಂತ

ಕ್ರುಸೇಡ್ ಎಂದೊಡನೆ ಜೆರುಸಲೇಮ್ ನೆನಪಾಗುವುದು ಸಹಜ. ಆದರೆ 1147ರಲ್ಲಿ ಪೋಪ್ ಮೂರನೆಯ ಯೂಜೀನನು ಎಲ್ಬೆ ನದಿಯಾಚೆಯ ವೆಂಡ್ ಜನರ ಮೇಲಿನ ಯುದ್ಧಕ್ಕೂ ಜೆರುಸಲೇಮಿನ ದಂಡಯಾತ್ರೆಗೆ ಸಮನಾದ ಪಾಪಕ್ಷಮೆಯನ್ನು ಘೋಷಿಸಿದನು. ಅಲ್ಲಿಂದ ಬಾಲ್ಟಿಕ್ ತೀರದ ಬಹುದೇವತಾರಾಧಕರೂ ಶಿಲುಬೆಯ ಯೋಧರ ಗುರಿಯಾದರು. ಇದಕ್ಕೆ ಕನ್ನಡದಲ್ಲಿ ರೂಢವಾಗಿರುವ 'ಧರ್ಮಯುದ್ಧ' ಎಂಬ ಪದ ನ್ಯಾಯಬದ್ಧ ಯುದ್ಧದ ಧ್ವನಿಯನ್ನೂ ಹೊತ್ತು ತರುವುದರಿಂದ ಅದನ್ನು ಎಚ್ಚರದಿಂದಲೇ ಬಳಸಬೇಕಾಗುತ್ತದೆ.

ಇಂದಿನ ಲಾಟ್ವಿಯ, ಎಸ್ಟೋನಿಯಗಳನ್ನೊಳಗೊಂಡ ಲಿವೋನಿಯಾದ ಯುದ್ಧಗಳಿಗೆ ಮುಖ್ಯ ಆಕರವೆಂದರೆ ಹೆನ್ರಿ ಎಂಬ ಪಾದ್ರಿ 1220ರ ದಶಕದಲ್ಲಿ ಲ್ಯಾಟಿನ್ ಭಾಷೆಯಲ್ಲಿ ರಚಿಸಿದ ವೃತ್ತಾಂತ. ಸೋತ ಲಿವ್ ಜನರು ತಮ್ಮ ಕಥನವನ್ನು ಬರೆದಿಡಲಿಲ್ಲ. ಆದರೂ ಹೆನ್ರಿ ನಿಂದಿಸಲೆಂದು ದಾಖಲಿಸಿದ ಸಂಗತಿಗಳಲ್ಲಿಯೇ ಅವರ ಲೋಕದೃಷ್ಟಿ ಉಳಿದುಬಂದಿದೆ.

ಮೊದಲ ಬಿಷಪ್ ಮೈನ್‌ಹಾರ್ಡ್, ದೀಕ್ಷಾಸ್ನಾನಕ್ಕೆ ಒಪ್ಪಿದರೆ ಕಲ್ಲಿನ ಕೋಟೆ ಕಟ್ಟಿಸಿಕೊಡುವೆನೆಂದು ಲಿವ್ ಜನರಿಗೆ ಮಾತು ಕೊಟ್ಟು, ಗಾಟ್‌ಲೆಂಡ್ ದ್ವೀಪದಿಂದ ಕಲ್ಲುಕುಟಿಗರನ್ನು ಕರೆಸಿದನು. ಕೋಟೆಗಳು ಎದ್ದು ನಿಂತ ಬಳಿಕ ದೀಕ್ಷಿತರಲ್ಲಿ ಹಲವರು ದೌಗವಾ ನದಿಯಲ್ಲಿ ಮಿಂದು, ಆ ದೀಕ್ಷೆಯನ್ನು ಜರ್ಮನಿಗೇ ಹಿಂದಿರುಗಿಸಿದೆವೆಂದು ಭಾವಿಸಿದರು. ಹೆನ್ರಿಯ ದೃಷ್ಟಿಯಲ್ಲಿ ಇದು ವಂಚನೆ. ಆದರೆ ದೀಕ್ಷಾಸ್ನಾನ ಅವರಿಗೆ ಬರಿಯ ನಟನೆಯಾಗಿದ್ದರೆ ತೊಳೆದುಕೊಳ್ಳುವ ಅಗತ್ಯವೇ ಇರುತ್ತಿರಲಿಲ್ಲ. ಮೈಗೆ ತಗುಲಿದ ನೀರಿಗೆ ಶಕ್ತಿಯಿದೆಯೆಂದು ನಂಬಿದವರು ಮಾತ್ರ ಅದನ್ನು ಇನ್ನೊಂದು ನೀರಿನಿಂದ ಕಳೆಯಲು ಹೊರಡುತ್ತಾರೆ.

1198ರಲ್ಲಿ ಸೈನ್ಯದೊಡನೆ ಬಂದ ಎರಡನೆಯ ಬಿಷಪ್ ಬರ್ಟೋಲ್ಡ್ ಯುದ್ಧದಲ್ಲಿ ಹತನಾದನು. ಜರ್ಮನರು ಬೆಳೆಗೆ ಬೆಂಕಿಯಿಟ್ಟಾಗ ಲಿವ್ ಜನರು ಮತ್ತೆ ದೀಕ್ಷೆ ಪಡೆದರು; ಹಡಗುಗಳು ಹೊರಟೊಡನೆ ಮತ್ತೆ ನದಿಗಿಳಿದರು. ಮರದ ಕೊಂಬೆಯೊಂದರಲ್ಲಿ ಕೆತ್ತಿದ್ದ ತಲೆಯನ್ನು ಸ್ಯಾಕ್ಸನರ ದೇವರೆಂದು ಬಗೆದು, ಜೇನಿನ ಮದ್ಯ ಕುಡಿದು, ಅದನ್ನು ತೆಪ್ಪದ ಮೇಲಿಟ್ಟು ಹೋದವರ ಹಿಂದೆಯೇ ತೇಲಿಬಿಟ್ಟರು. ದೇವರನ್ನು ಒಡೆದು ಹಾಕದೆ ಅದರ ಜನರ ಬಳಿಗೇ ಕಳುಹಿಸಿಕೊಟ್ಟದ್ದು ಗಮನಾರ್ಹ. ಎದುರು ಪಕ್ಷದಲ್ಲಿ ಇಂತಹ ಮರ್ಯಾದೆಗೆ ಎಡೆಯಿರಲಿಲ್ಲ.

ಹಡಗುಗಳು ಮರಳುವವರೆಗೆ ಮಾತ್ರ ಈ ತೊಳೆಯುವಿಕೆ ಸಾಧ್ಯವಿತ್ತು. ಮೂರನೆಯ ಬಿಷಪ್ ಆಲ್ಬರ್ಟ್‌ನ ಕಾಲದಲ್ಲಿ, 1201ರಲ್ಲಿ ರೀಗಾ ನಗರವೂ 1202ರಲ್ಲಿ ಅಲ್ಲಿಯೇ ನೆಲೆ ನಿಲ್ಲುವ ಖಡ್ಗಸೋದರರ ಯೋಧಸಂಘವೂ ಸ್ಥಾಪನೆಯಾದವು. ಆದರೂ 1223ರ ದಂಗೆಯಲ್ಲಿ ಎಸ್ಟೋನಿಯನ್ನರು ಮೈಯನ್ನಷ್ಟೇ ಅಲ್ಲದೆ ಮನೆಗಳನ್ನೂ ಕೋಟೆಗಳನ್ನೂ ನೀರು ಪೊರಕೆಗಳಿಂದ ತೊಳೆದರೆಂದೂ, ಚರ್ಚಿನ ಆವರಣದಲ್ಲಿ ಹೂಳಿದ್ದ ತಮ್ಮವರ ಶವಗಳನ್ನು ಹೊರತೆಗೆದು ಹಳೆಯ ಪದ್ಧತಿಯಂತೆ ಸುಟ್ಟರೆಂದೂ ಹೆನ್ರಿಯೇ ಬರೆದಿದ್ದಾನೆ.