ಚೇಗಿನೊಳಗಿನ ಕಂಪು

ಶ್ರೀಗಂಧದ ಹೂವಿಗೆ ಕಂಪಿಲ್ಲವೆಂಬ ಸಂಗತಿ, ಗಂಧದ ನಾಡಿನಲ್ಲಿಯೇ ಹುಟ್ಟಿ ಬೆಳೆದ ಅನೇಕರಿಗೆ ತಿಳಿದಿರುವುದಿಲ್ಲ. ಎಲೆಯನ್ನು ಹೊಸಕಿ ಮೂಸಿದರೂ, ತೊಗಟೆಯನ್ನು ಸುಲಿದರೂ, ಅದರೊಳಗಿನ ಬಿಳಿಯ ಹೊರಮರವನ್ನು ಉಗುರಿನಿಂದ ಕೆರೆದು ನೋಡಿದರೂ ಪರಿಮಳದ ಸುಳಿವು ಸಿಕ್ಕದು. ಅದೆಲ್ಲವೂ ನಡುವಿನ ಚೇಗಿನಲ್ಲಿ, ಅದರಲ್ಲಿಯೂ ಹೆಚ್ಚಾಗಿ ಮಣ್ಣಿನ ಕತ್ತಲೆಯಲ್ಲಿರುವ ಬೇರುಗಳಲ್ಲಿ, ಅಡಗಿರುತ್ತದೆ. ಆದುದರಿಂದಲೇ ಗಂಧದ ಮರವನ್ನು ಇತರ ಮರಗಳಂತೆ ಬುಡಕ್ಕೆ ಕಡಿಯದೆ, ಸುತ್ತ ಅಗೆದು ಬೇರುಸಹಿತ ಎತ್ತುವುದು ಬಲ್ಲವರ ಪದ್ಧತಿ.

ಈ ಮರದ ಬಾಳುವೆಯೂ ಅದರ ಕೀರ್ತಿಗೆ ತಕ್ಕಂತಿಲ್ಲ. ಪಿಕಳಾರ ಮೊದಲಾದ ಹಕ್ಕಿಗಳು ಕಪ್ಪು ಹಣ್ಣನ್ನು ತಿಂದು ಬೇಲಿಯ ಪೊದೆಯಲ್ಲಿ ಬೀಳಿಸಿದ ಬೀಜ, ಮೊಳೆತ ಕೆಲಕಾಲದಲ್ಲಿಯೇ ತನ್ನ ಬೇರುಗಳನ್ನು ನೆರೆಗಿಡಗಳ ಬೇರಿಗೆ ಕಚ್ಚಿಸಿ ಅವುಗಳಿಂದ ನೀರನ್ನೂ ಲವಣಗಳನ್ನೂ ಹೀರತೊಡಗುವುದು. ಎಲೆಯಲ್ಲಿ ಹಸುರಿರುವುದರಿಂದ ತನ್ನ ಅನ್ನವನ್ನು ತಾನೇ ಬೇಯಿಸಿಕೊಳ್ಳಬಲ್ಲದಾದರೂ ಉಪ್ಪು ನೀರಿಗೆ ಪರರ ಮನೆಯೇ ಗತಿ. ಸಸ್ಯಶಾಸ್ತ್ರಜ್ಞರು ಇದನ್ನು ಅರೆಪರಾವಲಂಬಿ ಎನ್ನುವರು. ನಾನಾದರೋ ಕೈಗಡದಲ್ಲಿ ಸಂಸಾರ ತೂಗಿಸುವ ಮರವೆನ್ನುತ್ತೇನೆ. ಗಂಧ ನೆಡುವ ರೈತ ಪಕ್ಕದಲ್ಲಿ ತೊಗರಿಯನ್ನು ಬಿತ್ತುವುದು ಇದಕ್ಕೋಸ್ಕರವೇ. ಚೇಗು ಕಟ್ಟತೊಡಗುವುದಕ್ಕೆ ಹತ್ತು ಹದಿನೈದು ವರ್ಷಗಳಾದರೂ ಬೇಕು. ಎಣ್ಣೆ ಚೆನ್ನಾಗಿ ಪಕ್ವವಾಗಲು ಮೂವತ್ತು ಕಳೆಯಬೇಕು.

ಇಷ್ಟು ನಿಧಾನವಾಗಿ ಕೂಡಿದ ಐಶ್ವರ್ಯವನ್ನು ನಾವು ಬಹುಕಾಲ ಹಾಗೆಯೇ ಕೊರಡಿನ ರೂಪದಲ್ಲಿ ಮಾರಿಬಿಡುತ್ತಿದ್ದೆವು. ಮೈಸೂರು ಸಂಸ್ಥಾನದ ಮರ ಹಡಗೇರಿ ಜರ್ಮನಿಗೆ ಹೋಗಿ, ಅಲ್ಲಿ ಎಣ್ಣೆಯಾಗಿ ಲೋಕಕ್ಕೆಲ್ಲ ಹಂಚಿಹೋಗುತ್ತಿತ್ತು. 1914ರಲ್ಲಿ ಮಹಾಯುದ್ಧ ಹೊತ್ತಿಕೊಂಡು ಆ ದಾರಿ ಮುಚ್ಚಿದಾಗ, ಕೊಳ್ಳುವವರಿಲ್ಲದೆ ಕೊರಡುಗಳು ಕೋಠಿಗಳಲ್ಲಿ ರಾಶಿ ಬಿದ್ದವು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ, ವಿಶ್ವೇಶ್ವರಯ್ಯನವರ ದಿವಾನಗಿರಿ. ಕೈಗಾರಿಕೆಗಳ ಮೇಲ್ವಿಚಾರಣೆ ಆಲ್‌ಫ್ರೆಡ್ ಚಾಟರ್‌ಟನ್ ಅವರದು. ಬೆಂಗಳೂರಿನ ವಿಜ್ಞಾನಮಂದಿರದಲ್ಲಿ ಸಡ್‌ಬರೋ ಮತ್ತು ವಾಟ್ಸನ್ ಎಂಬ ರಸಾಯನಶಾಸ್ತ್ರಜ್ಞರು ಎಣ್ಣೆ ತೆಗೆಯುವ ಕ್ರಮವನ್ನು ಸಾಧಿಸಿಕೊಟ್ಟ ಮೇಲೆ, 1916ರಲ್ಲಿ ಸರ್ಕಾರದ ಗಂಧದೆಣ್ಣೆಯ ತಯಾರಿಕೆ ಇಲ್ಲಿಯೇ ಆರಂಭವಾಯಿತು. ಗಂಧದ ಸಾಬೂನು ಈ ಎಣ್ಣೆಯ ಬೆನ್ನು ಹಿಡಿದು ಬಂದ ಕೂಸು. ಯುದ್ಧವೆಂಬ ಅನಿಷ್ಟದಿಂದ ನಾಡಿಗೆ ದೊರೆತ ಅಪರೂಪದ ಇಷ್ಟಗಳಲ್ಲಿ ಇದೊಂದು.

ಎಣ್ಣೆ ತೆಗೆಯುವ ಕ್ರಮ ಕೇಳುವುದಕ್ಕೆ ಸುಲಭ. ಚೇಗನ್ನು ಚಕ್ಕೆ ಮಾಡಿ, ಚಕ್ಕೆಯನ್ನು ಪುಡಿ ಮಾಡಿ, ದೊಡ್ಡ ಪಾತ್ರೆಯಲ್ಲಿ ತುಂಬಿ ಕೆಳಗಿನಿಂದ ಹಬೆಯನ್ನು ಹಾಯಿಸುತ್ತಾರೆ. ಗಂಧದ ಸತ್ತ್ವವಾದ ಸ್ಯಾಂಟಲಾಲ್ ತಾನೊಂದೇ ಕುದಿಯಬೇಕಾದರೆ ಸುಮಾರು ಮುನ್ನೂರು ಡಿಗ್ರಿ ಶಾಖ ಬೇಕು. ಅಷ್ಟು ಕಾಯಿಸಿದರೆ ಪರಿಮಳ ಕೆಟ್ಟೇಹೋಗುತ್ತದೆ. ನೀರಿನ ಹಬೆಯ ಸಂಗಡ ಬೆರೆತಾಗಲಾದರೋ ನೂರು ಡಿಗ್ರಿಯ ಆಸುಪಾಸಿನಲ್ಲಿಯೇ ಅದು ಆವಿಯಾಗಿ ಹೊರಡುವುದು. ಆ ಆವಿ ತಣ್ಣನೆಯ ಕೊಳವೆಯಲ್ಲಿ ಇಳಿದು ದ್ರವವಾದೊಡನೆ, ನೀರಿಗಿಂತ ಒಂದಿಷ್ಟೇ ಹಗುರವಾದ ಎಣ್ಣೆ ಹೊಂಬಣ್ಣದ ತೆಳುಪದರವಾಗಿ ಮೇಲೆ ತೇಲುತ್ತದೆ. ಮಲ್ಲಿಗೆಯಂತೆ ಒಂದು ಸಂಜೆಗೆ ಬಿಟ್ಟುಕೊಡುವ ವಸ್ತುವಲ್ಲ ಇದು. ಹಬೆ ಎರಡು ಮೂರು ದಿನ ಹಾಯುತ್ತಲೇ ಇರಬೇಕು. ನೂರು ಕಿಲೋ ಪುಡಿಗೆ ನಾಲ್ಕೈದು ಕಿಲೋ ಎಣ್ಣೆ ಬಂದರೆ ಮರ ಒಳ್ಳೆಯದೆಂದು ಅರ್ಥ.

ನಿಧಾನವಾಗಿ ಬಿಡುವುದೇ ಇದರ ಗುಣವೂ ಹೌದು. ಗುಲಾಬಿ, ಕೇದಗೆಗಳ ಚಂಚಲವಾದ ಪರಿಮಳವನ್ನು ಹಿಡಿದು ನಿಲ್ಲಿಸುವುದಕ್ಕಾಗಿಯೇ ಅತ್ತರು ಮಾಡುವವರು ಹಿಂದಿನಿಂದಲೂ ಗಂಧದೆಣ್ಣೆಯನ್ನು ತಳಹದಿಯಾಗಿ ಇಟ್ಟುಕೊಂಡರು. ಬೆಲೆಯೇರಿದಂತೆ ಅನೇಕರು ಆ ಸ್ಥಾನದಲ್ಲಿ ಬಿಳಿಯ ಖನಿಜತೈಲವನ್ನು ಕೂರಿಸಿದ್ದಾರೆ. ಒಮ್ಮೆ ಯಾತ್ರಾಸ್ಥಳವೊಂದರ ಅಂಗಡಿಯಲ್ಲಿ ಕೊಂಡ ‘ಅಪ್ಪಟ’ ಎಣ್ಣೆಯ ಹನಿಯನ್ನು ಕರವಸ್ತ್ರಕ್ಕೆ ಹಚ್ಚಿಕೊಂಡಿದ್ದೆ. ಸಂಜೆಗೆ ಕಂಪು ಹೋಗಿ ಜಿಡ್ಡಿನ ಕಲೆಯೊಂದೇ ಉಳಿದಿತ್ತು. ನಿಜವಾದುದು ದಿನಗಟ್ಟಲೆ ನಿಲ್ಲುತ್ತದೆ.

ಹೀಗೆ ಬೆಲೆಯೇರಿಸಿದ ಗಂಧದ ಕೊರತೆಗೆ ಮರಗಳ್ಳರನ್ನು ಮಾತ್ರ ದೂರಿ ಫಲವಿಲ್ಲ. 1792ರಲ್ಲಿ ಟಿಪ್ಪು ಸುಲ್ತಾನನು ಗಂಧವನ್ನು ರಾಜವೃಕ್ಷವೆಂದು ಸಾರಿದಂದಿನಿಂದ, ರೈತನ ಸ್ವಂತ ಹೊಲದಲ್ಲಿ ಹುಟ್ಟಿದ ಮರವೂ ಸರ್ಕಾರದ ಸೊತ್ತೆಂಬ ಭಾವನೆ ಬೇರೂರಿತು. ಕಾವಲು ತನ್ನದು, ಮರ ಪರರದು ಎಂದಾದ ಮೇಲೆ ಸಸಿಯನ್ನು ಕಂಡೊಡನೆ ಕಿತ್ತೆಸೆಯುವವನನ್ನು ತಪ್ಪೆನ್ನಲಾದೀತೆ? ನೆಲದ ಒಡೆಯನೇ ಮರದ ಒಡೆಯನೆಂದು ಕರ್ನಾಟಕದ ಕಾನೂನು ತಿದ್ದುಪಡಿಯಾದದ್ದು 2001ರಲ್ಲಿ. ಆ ಮೇಲೆ ನೆಟ್ಟ ಗಿಡಗಳಿಗೆ ಇನ್ನೂ ಮೂವತ್ತು ತುಂಬಿಲ್ಲ.

ಇನ್ನು ಗಂಧದಿಂದ ಚರ್ಮದ ಆರೈಕೆ ಮಾಡಿಕೊಳ್ಳುವ ಮಾತು. ಸಾಣೆಕಲ್ಲಿನ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ, ಕೊರಡನ್ನು ಗರಗರನೆ ಸುತ್ತಿಸಿ, ಕೆನೆಯಂತೆ ಕೂಡಿದ ಲೇಪವನ್ನು ಬೆವರುಸಾಲೆಗೆ ಬಳಿಯುತ್ತಿದ್ದ ನಮ್ಮ ಅಜ್ಜಿಯರು ತೇಯ್ದಷ್ಟೇ ಗಂಧವನ್ನು ಬಳಸಿದರು. ಸೀಸೆಯ ಎಣ್ಣೆಯಾದರೋ ಅದಕ್ಕಿಂತ ಬಹುಪಟ್ಟು ತೀಕ್ಷ್ಣವಾದುದು. ಮೊಡವೆಯಿಂದ ಮುಪ್ಪಿನವರೆಗೆ ಎಲ್ಲಕ್ಕೂ ಮದ್ದೆಂಬ ಜಾಹೀರಾತನ್ನು ನಂಬಬೇಕಾಗಿಲ್ಲ. ಕೆಲವರ ಮೈಗೆ ಇದು ಒಗ್ಗದೆ ತುರಿಕೆಯೂ ಆಗುವುದುಂಟು. ಒಂದು ದೊಡ್ಡ ಚಮಚೆ ಎಳ್ಳೆಣ್ಣೆಗೆ ಎರಡು ಮೂರು ಹನಿ ಸಾಕು. ಅದನ್ನೂ ಮೊದಲು ಮುಂಗೈಯ ಒಳಭಾಗಕ್ಕೆ ಹಚ್ಚಿ, ಒಂದು ದಿನ ಕಾದು ನೋಡಿದ ಮೇಲೆ ಮುಖಕ್ಕೆ ಹಚ್ಚಿಕೊಳ್ಳಿ.