ಹದವರಿತ ಕಿಡಿ: ವೇಗಸ್ಪರ್ಧೆಯ ಎಂಜಿನ್ನಿಗೆ ಇಗ್ನಿಷನ್ ಟೈಮಿಂಗ್ ವ್ಯವಸ್ಥೆಯ ಆಯ್ಕೆ

ಹದ ಬಂದಾಗ ಹರಗಬೇಕು, ಬೆದೆ ಬಂದಾಗ ಬಿತ್ತಬೇಕು ಎಂಬುದು ಜಗಳೂರಿನ ಬೆದ್ದಲು ಭೂಮಿಯ ರೈತನೂ ಹೊನ್ನಾಳಿಯ ಹೊಳೆದಂಡೆಯ ರೈತನೂ ಸಮನಾಗಿ ಬಲ್ಲ ಮಾತು. ಬೀಜ ಎಷ್ಟೇ ಉತ್ತಮವಾಗಿರಲಿ, ಗಳಿಗೆ ತಪ್ಪಿದರೆ ಬೆಳೆ ಕೈಗೆ ಹತ್ತದು. ಪೆಟ್ರೋಲ್ ಎಂಜಿನ್ನಿನ ಒಳಗೂ ಇಂಥದೇ ಒಂದು ಹದವುಂಟು. ಇಂಧನವೂ ಗಾಳಿಯೂ ಸರಿಯಾಗಿ ಬೆರೆತಿದ್ದರೂ ಕಿಡಿ ಹಾರುವ ಕ್ಷಣ ತಪ್ಪಿದರೆ ಶಕ್ತಿ ನಷ್ಟವಾಗುತ್ತದೆ. ತೀರ ತಪ್ಪಿದರೆ ಎಂಜಿನ್ನೇ ನಾಶವಾಗುತ್ತದೆ. ಈ ಕ್ಷಣವನ್ನು ಗೊತ್ತುಪಡಿಸುವ ಏರ್ಪಾಡಿಗೆ ಇಗ್ನಿಷನ್ ಟೈಮಿಂಗ್ ಎಂದು ಹೆಸರು. ಇದರ ಮಹತ್ವ ಅತ್ಯಂತ ಸ್ಪಷ್ಟವಾಗಿ ಕಾಣುವುದು ಡ್ರ್ಯಾಗ್ ರೇಸ್ ಎಂಬ ವೇಗಸ್ಪರ್ಧೆಯಲ್ಲಿ.

ನಿಂತಲ್ಲಿಂದ ಹೊರಟು ನೇರವಾದ ದಾರಿಯಲ್ಲಿ ಗೊತ್ತಾದ ದೂರವನ್ನು ಅತ್ಯಲ್ಪ ಕಾಲದಲ್ಲಿ ಕ್ರಮಿಸುವುದೇ ಈ ಸ್ಪರ್ಧೆ. ಅಮೆರಿಕದಲ್ಲಿ 1951ರಲ್ಲಿ ಇದಕ್ಕೆಂದೇ ರಾಷ್ಟ್ರೀಯ ಸಂಘಟನೆಯೊಂದು ಹುಟ್ಟಿತು. ಅಲ್ಲಿಯ ರೂಢಿಯ ದೂರ ಕಾಲು ಮೈಲಿ, ಅಂದರೆ 402 ಮೀಟರು. ಭಾರತದಲ್ಲಿ ಮೋಟಾರ್ ಸೈಕಲ್ಲುಗಳ ರಾಷ್ಟ್ರೀಯ ಡ್ರ್ಯಾಗ್ ಸ್ಪರ್ಧೆಗಳು ಚೆನ್ನೈ ಬಳಿಯ ಇರುಂಗಟ್ಟುಕೋಟೆಯ ಪಥದಲ್ಲಿ 302 ಮೀಟರು ದೂರಕ್ಕೆ ನಡೆದಿವೆ. ಬೆಂಗಳೂರಿನ ಹೇಮಂತ್ ಮುದ್ದಪ್ಪ ಈ ಕ್ಷೇತ್ರದಲ್ಲಿ ಹಲವು ರಾಷ್ಟ್ರೀಯ ಪ್ರಶಸ್ತಿಗಳನ್ನು ಗಳಿಸಿ ಕನ್ನಡ ನಾಡಿಗೆ ಹೆಸರು ತಂದಿದ್ದಾರೆ. ಸಾವಿರ ಸಿ.ಸಿ. ಮೀರಿದ ವಾಹನಗಳಂತೆಯೇ ಚಿಕ್ಕ ಟೂ-ಸ್ಟ್ರೋಕ್ ಎಂಜಿನ್ನುಗಳಿಗೂ ಅಲ್ಲಿ ಪ್ರತ್ಯೇಕ ವರ್ಗಗಳಿರುವುದರಿಂದ, ಗ್ರಾಮಾಂತರದ ಗ್ಯಾರೇಜಿನಲ್ಲಿ ಕೆಲಸ ಕಲಿತ ಯುವಕನಿಗೂ ಈ ವಿದ್ಯೆ ದೂರದ್ದಲ್ಲ.

ಕಿಡಿ ಮೊದಲೇ ಏಕೆ ಹಾರಬೇಕು?

ಸಿಲಿಂಡರಿನೊಳಗಿನ ಮಿಶ್ರಣ ಸಿಡಿಮದ್ದಿನಂತೆ ಒಮ್ಮೆಲೇ ಸಿಡಿಯುವುದಿಲ್ಲ. ಹುಲ್ಲುಗಾವಲಿಗೆ ಬಿದ್ದ ಬೆಂಕಿಯಂತೆ ಜ್ವಾಲೆ ಒಂದು ಬಿಂದುವಿನಿಂದ ಹೊರಟು ಹಬ್ಬುತ್ತದೆ. ಇದಕ್ಕೆ ಒಂದೆರಡು ಮಿಲಿಸೆಕೆಂಡುಗಳಷ್ಟು ಕಾಲ ಬೇಕು. ಪಿಸ್ಟನ್ ಮೇಲ್ತುದಿಯನ್ನು ಮುಟ್ಟಿ ಕ್ರ್ಯಾಂಕ್ ಸುಮಾರು 15 ಡಿಗ್ರಿ ಮುಂದೆ ತಿರುಗಿದಾಗ ಒತ್ತಡ ಶಿಖರಕ್ಕೇರಿದರೆ ಹೆಚ್ಚಿನ ಶಕ್ತಿ ದೊರೆಯುತ್ತದೆ. ಆದಕಾರಣ ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗಲೇ ಕಿಡಿ ಹಾರಬೇಕು. ಈ ಮುಂಗಡವನ್ನೇ ಮೆಕ್ಯಾನಿಕರು ಅಡ್ವಾನ್ಸ್ ಎನ್ನುವರು.

ಎಂಜಿನ್ ನಿಮಿಷಕ್ಕೆ 1000 ಸುತ್ತು ತಿರುಗುವಾಗ ಒಂದು ಮಿಲಿಸೆಕೆಂಡಿನಲ್ಲಿ ಕ್ರ್ಯಾಂಕ್ 6 ಡಿಗ್ರಿ ಸರಿಯುತ್ತದೆ. 9000 ಸುತ್ತಿನಲ್ಲಿ 54 ಡಿಗ್ರಿ. ಹಾಗೆಂದು ಮುಂಗಡವನ್ನು ಒಂಬತ್ತು ಪಟ್ಟು ಹೆಚ್ಚಿಸಬೇಕಾಗಿಲ್ಲ. ವೇಗ ಹೆಚ್ಚಿದಂತೆ ಒಳಗಿನ ಗಾಳಿಯ ಸುಳಿಯೂ ಹೆಚ್ಚಿ ಜ್ವಾಲೆ ಬೇಗ ಹಬ್ಬುತ್ತದೆ. ಆದ್ದರಿಂದಲೇ ಅನೇಕ ಫೋರ್-ಸ್ಟ್ರೋಕ್ ಎಂಜಿನ್ನುಗಳಲ್ಲಿ ಮುಂಗಡ ಒಂದು ವೇಗದವರೆಗೆ ಏರಿ ಅಲ್ಲೇ ನಿಲ್ಲುತ್ತದೆ. ಸ್ಪರ್ಧೆಯ ಟೂ-ಸ್ಟ್ರೋಕ್‌ಗಳಲ್ಲಿಯೋ ಅತಿವೇಗದಲ್ಲಿ ಮುಂಗಡವನ್ನು ತಗ್ಗಿಸುವುದುಂಟು. ಆಗ ಹೊಗೆ ಕೊಳವೆಯಲ್ಲಿ ಬಿಸಿ ಹೆಚ್ಚಿ ಅದರ ಒತ್ತಡದ ಅಲೆಗಳು ವೇಗಕ್ಕೆ ಹೊಂದಿಕೊಳ್ಳುತ್ತವೆ.

ಮುಂಗಡ ಮಿತಿಮೀರಿದರೆ ಇನ್ನೂ ಉರಿಯದ ಮಿಶ್ರಣ ಒತ್ತಡ ತಾಳದೆ ತಾನೇ ಹೊತ್ತಿ ಸಿಡಿಯುತ್ತದೆ. ಇದೇ ನಾಕಿಂಗ್. ಇದರ ಬಿಸಿಗೆ ಅಲ್ಯೂಮಿನಿಯಂ ಪಿಸ್ಟನ್ನಿನ ತಲೆ ಕರಗಿ ತೂತಾಗುವುದುಂಟು. ಓಟದ ಕಾಲ ಕೆಲವೇ ಸೆಕೆಂಡು. ಆದರೆ ಹಾನಿಗೆ ಅಷ್ಟೇ ಸಾಕು.

ವ್ಯವಸ್ಥೆಗಳ ಬಗೆ

1902ರಲ್ಲಿ ಬಾಷ್ ಸಂಸ್ಥೆಯ ಗಾಟ್ಲೋಬ್ ಹೊನೋಲ್ಡ್ ಅಧಿಕ ವೋಲ್ಟಿನ ಮ್ಯಾಗ್ನೆಟೋವನ್ನು ರೂಪಿಸಿದರು. ಬ್ಯಾಟರಿಯ ಹಂಗಿಲ್ಲದ ಈ ಯಂತ್ರದ ಕಿಡಿ ವೇಗದೊಡನೆ ಬಲಗೊಳ್ಳುತ್ತದೆ. ಚಾಲೂ ಮಾಡುವಾಗ ದುರ್ಬಲವಾಗಿರುವುದೇ ಅದರ ಕೊರತೆ. ಅಮೆರಿಕದ ಟಾಪ್ ಫ್ಯೂಯೆಲ್ ವರ್ಗದ ಕಾರುಗಳಲ್ಲಿ ಪ್ರತಿ ಸಿಲಿಂಡರಿಗೆ ಎರಡು ಪ್ಲಗ್ಗುಗಳಿದ್ದು, ಎರಡು ಮ್ಯಾಗ್ನೆಟೋಗಳು ಅವಕ್ಕೆ ಕಿಡಿ ಒದಗಿಸುತ್ತವೆ. ಅವು ಬಳಸುವ ನೈಟ್ರೋಮೀಥೇನ್ ನಿಧಾನವಾಗಿ ಉರಿಯುವುದರಿಂದ 50 ಡಿಗ್ರಿಗೂ ಮೀರಿದ ಮುಂಗಡ ಬೇಕಾಗುತ್ತದೆ. ಪೆಟ್ರೋಲಿನ ಎಂಜಿನ್ನಿಗೆ ಅದನ್ನು ಅನುಕರಿಸುವುದು ಅನರ್ಥ.

1910ರ ಸುಮಾರಿಗೆ ಚಾರ್ಲ್ಸ್ ಕೆಟರಿಂಗ್ ಅವರಿಂದ ಪ್ರಚಾರಕ್ಕೆ ಬಂದದ್ದು ಬ್ಯಾಟರಿ, ಕಾಯಿಲ್ ಮತ್ತು ಪಾಯಿಂಟುಗಳ ವ್ಯವಸ್ಥೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ ಜಾವಾ ಮತ್ತು ಯೆಜ್ಡಿ ವಾಹನಗಳನ್ನು ಬಲ್ಲವರಿಗೆ ಇದು ಚಿರಪರಿಚಿತ. ಪಾಯಿಂಟುಗಳ ನಡುವೆ ತೆಳುಕಾಗದವನ್ನಿಟ್ಟು, ಅದು ಸಡಿಲವಾಗುವ ಕ್ಷಣದಲ್ಲಿ ಪಿಸ್ಟನ್ ಮೇಲ್ತುದಿಯಿಂದ ಎಷ್ಟು ಕೆಳಗಿದೆಯೆಂದು ಅಳೆದು ಟೈಮಿಂಗ್ ಕೂಡಿಸುವುದು ಪದ್ಧತಿ. 75 ಮಿ.ಮೀ. ಚಲನೆಯ ಅಂಥ ಎಂಜಿನ್ನಿನಲ್ಲಿ 3 ಮಿ.ಮೀ. ಎಂದರೆ ಕ್ರ್ಯಾಂಕಿನ ಸುಮಾರು 20 ಡಿಗ್ರಿ. ಅಳತೆಯಲ್ಲಿ ಅರ್ಧ ಮಿ.ಮೀ. ತಪ್ಪಿದರೆ ಸುಮಾರು ಎರಡು ಡಿಗ್ರಿ ತಪ್ಪುತ್ತದೆ. ಅಗ್ಗವಾಗಿದ್ದು ಎಲ್ಲಿ ಬೇಕಾದರೂ ದುರಸ್ತಿಯಾಗುವುದು ಇದರ ಗುಣ. ಅತಿವೇಗದಲ್ಲಿ ಪಾಯಿಂಟಿನ ಸ್ಪ್ರಿಂಗ್ ಕ್ಯಾಮನ್ನು ಹಿಂಬಾಲಿಸಲಾರದಿರುವುದೂ, ಸವೆತದಿಂದ ಕಿಡಿ ತಡವಾಗುತ್ತ ಹೋಗುವುದೂ ದೋಷಗಳು.

ಮೂರನೆಯದು ಸಿ.ಡಿ.ಐ. ಇದರಲ್ಲಿ ಕೆಪಾಸಿಟರ್ ನೂರಾರು ವೋಲ್ಟಿಗೆ ತುಂಬಿಕೊಂಡು ಕ್ಷಣಾರ್ಧದಲ್ಲಿ ಕಾಯಿಲಿಗೆ ಸುರಿಯುತ್ತದೆ. ಕಿಡಿಯ ವೋಲ್ಟು ಅತಿಶೀಘ್ರವಾಗಿ ಏರುವುದರಿಂದ ಎಣ್ಣೆ ಹಿಡಿದ ಪ್ಲಗ್ಗೂ ಕಿಡಿ ಕೊಡುತ್ತದೆ. ಟೂ-ಸ್ಟ್ರೋಕ್‌ಗೆ ಇದು ದೊಡ್ಡ ಅನುಕೂಲ. 1985ರಿಂದ 1996ರವರೆಗೆ ತಯಾರಾಗಿ ಇಂದಿಗೂ ಸ್ಪರ್ಧಾಳುಗಳ ಅಚ್ಚುಮೆಚ್ಚಿನದಾಗಿರುವ ಆರ್.ಎಕ್ಸ್. 100 ಈ ಬಗೆಯದು. ಆದರೆ ಕಿಡಿ ಅಲ್ಪಾಯು. ನಾಲ್ಕನೆಯದಾದ ಟ್ರಾನ್ಸಿಸ್ಟರ್ ಕಾಯಿಲ್ ವ್ಯವಸ್ಥೆಯಲ್ಲಿ ಕಿಡಿ ಹೆಚ್ಚು ಹೊತ್ತು ನಿಲ್ಲುತ್ತದೆ. ಆದರೆ ಕಾಯಿಲ್ ತುಂಬಿಕೊಳ್ಳಲು ಪ್ರತಿ ಬಾರಿಯೂ ಕೆಲವು ಮಿಲಿಸೆಕೆಂಡು ಬೇಕು.

ಆಯ್ಕೆಯ ವಿಚಾರ

ಇಲ್ಲಿ ಎರಡು ಪ್ರಶ್ನೆಗಳನ್ನು ಬೇರ್ಪಡಿಸಿಕೊಳ್ಳುವುದು ಅವಶ್ಯ: ಕಿಡಿ ಎಷ್ಟು ಬಲವಾಗಿರಬೇಕು ಎಂಬುದೊಂದು, ಯಾವಾಗ ಹಾರಬೇಕು ಎಂಬುದು ಇನ್ನೊಂದು. ಕೊಳ್ಳುವವರು ಸಾಮಾನ್ಯವಾಗಿ ಮೊದಲನೆಯದಕ್ಕೇ ಹಣ ಸುರಿದು ಎರಡನೆಯದನ್ನು ಮರೆಯುವರು.

ಒಂದೇ ಕಾಯಿಲಿನ ಎಂಟು ಸಿಲಿಂಡರಿನ ಫೋರ್-ಸ್ಟ್ರೋಕ್ ಎಂಜಿನ್ 8000 ಸುತ್ತಿನಲ್ಲಿ ಸೆಕೆಂಡಿಗೆ 533 ಕಿಡಿ ಬೇಡುತ್ತದೆ. ಒಂದೊಂದಕ್ಕೆ ದೊರೆಯುವ ಕಾಲ ಎರಡು ಮಿಲಿಸೆಕೆಂಡಿಗೂ ಕಡಿಮೆ. ಅಲ್ಲಿ ವಿಶೇಷ ಬಲದ ಸಾಧನ ಅನಿವಾರ್ಯ. ಒಂದು ಸಿಲಿಂಡರಿನ ಟೂ-ಸ್ಟ್ರೋಕ್ 9000 ಸುತ್ತಿನಲ್ಲೂ ಬೇಡುವುದು ಸೆಕೆಂಡಿಗೆ 150 ಕಿಡಿಗಳನ್ನು ಮಾತ್ರ, ಕಾಲಾವಕಾಶ 6.7 ಮಿಲಿಸೆಕೆಂಡು. ಸುಸ್ಥಿತಿಯ ಸಾಮಾನ್ಯ ಸಿ.ಡಿ.ಐ.ಯೇ ಅದಕ್ಕೆ ಸಾಲುತ್ತದೆ. ಅಂಥವನು ಹಣ ವೆಚ್ಚ ಮಾಡಬೇಕಾದುದು ಕಿಡಿಯ ಬಲಕ್ಕಲ್ಲ, ಕಾಲದ ನಿಖರತೆಗೆ.

ಕಾಲವನ್ನು ಎಲ್ಲಿಂದ ಓದಲಾಗುತ್ತದೆ ಎಂಬುದೂ ಮುಖ್ಯ. ಫೋರ್-ಸ್ಟ್ರೋಕ್‌ನ ಡಿಸ್ಟ್ರಿಬ್ಯೂಟರ್ ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗುವುದರಿಂದ ಅಲ್ಲಿಯ ಒಂದು ಡಿಗ್ರಿ ದೋಷ ಕ್ರ್ಯಾಂಕಿನಲ್ಲಿ ಎರಡಾಗುತ್ತದೆ. ಚೈನು, ಹಲ್ಲುಗಾಲಿಗಳ ಸಡಿಲವೂ ಅದಕ್ಕೆ ಸೇರುತ್ತದೆ. ಕ್ರ್ಯಾಂಕಿನ ಮೇಲೆಯೇ ಸಂವೇದಕ ಕೂಡಿಸಿದರೆ ಈ ದೋಷಗಳು ತಪ್ಪುತ್ತವೆ. ಗಣಕದಿಂದ ಹೊಂದಿಸಬಹುದಾದ ಪೆಟ್ಟಿಗೆಯಾದರೆ ಪ್ರತಿ ವೇಗಕ್ಕೂ ಬೇರೆ ಬೇರೆ ಮುಂಗಡ ಕೊಡಬಹುದು; ಹೊರಡುವಾಗ ಚಕ್ರ ಜಾರದಂತೆ ಕಿಡಿಯನ್ನು ತುಸು ತಡೆಯಬಹುದು. ಆದರೆ ಓಟದುದ್ದಕ್ಕೂ ವೇಗದ ಕಿರಿದಾದ ಪಟ್ಟಿಯಲ್ಲೇ ತಿರುಗುವ ಫೋರ್-ಸ್ಟ್ರೋಕ್ ಎಂಜಿನ್ನಿಗೆ ಒಂದೇ ಸ್ಥಿರ ಮುಂಗಡವೂ ಹಲವೊಮ್ಮೆ ಸಾಕಾಗುತ್ತದೆ. ಸ್ಪರ್ಧೆಯ ವರ್ಗದ ನಿಯಮಗಳು ಏನನ್ನು ಒಪ್ಪುತ್ತವೆ ಎಂಬುದನ್ನು ಕೊಳ್ಳುವ ಮೊದಲೇ ಓದಿಕೊಳ್ಳಬೇಕು.

ಅಳತೆಯೇ ಪ್ರಮಾಣ

ಯಾವ ವ್ಯವಸ್ಥೆಯಾದರೂ ಪರೀಕ್ಷೆಯಿಲ್ಲದೆ ನಂಬತಕ್ಕದ್ದಲ್ಲ. ವಿದ್ಯುನ್ಮಾನ ಪೆಟ್ಟಿಗೆ 50 ಮೈಕ್ರೋಸೆಕೆಂಡು ತಡಮಾಡಿದರೂ 9000 ಸುತ್ತಿನಲ್ಲಿ ಟೈಮಿಂಗ್ 2.7 ಡಿಗ್ರಿ ಹಿಂದೆ ಬೀಳುತ್ತದೆ. ಆದ್ದರಿಂದ ಟೈಮಿಂಗ್ ಲೈಟಿನಿಂದ ನಿಧಾನ ವೇಗದಲ್ಲಷ್ಟೇ ಅಲ್ಲದೆ ಓಟದ ವೇಗದಲ್ಲಿಯೂ ನೋಡಬೇಕು. 150 ಮಿ.ಮೀ. ವ್ಯಾಸದ ಫ್ಲೈವೀಲಿನ ಅಂಚಿನಲ್ಲಿ ಒಂದು ಡಿಗ್ರಿ ಎಂದರೆ ಸುಮಾರು 1.3 ಮಿ.ಮೀ.; ಶಾಲೆಯ ಕೋನಮಾಪಕವನ್ನು ಬಲ್ಲವನು ಈ ಗುರುತನ್ನು ತಾನೇ ಹಾಕಬಲ್ಲ. ಅನಂತರ ಕಡಿಮೆ ಮುಂಗಡದಿಂದ ಆರಂಭಿಸಿ ಒಂದೊಂದೇ ಡಿಗ್ರಿ ಏರಿಸುತ್ತ, ಓಟದ ಕಾಲವನ್ನೂ ಪ್ಲಗ್ಗಿನ ಬಣ್ಣವನ್ನೂ ಬರೆದಿಡಬೇಕು. ಶಕ್ತಿ ಹೆಚ್ಚುವುದು ನಿಂತೊಡನೆ ಒಂದೆರಡು ಡಿಗ್ರಿ ಹಿಂದೆ ಬರುವುದು ವಿವೇಕ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯವರು ಇನ್ನೊಂದು ಸಂಗತಿಯನ್ನು ನೆನಪಿಡಬೇಕು. ಈ ಪ್ರದೇಶ ಸಮುದ್ರಮಟ್ಟದಿಂದ 500 ಮೀಟರಿಗೂ ಎತ್ತರದಲ್ಲಿದ್ದು, ಗಾಳಿ ಕರಾವಳಿಗಿಂತ ಸುಮಾರು ಶೇಕಡಾ 5ರಷ್ಟು ವಿರಳ. ಇಲ್ಲಿ ಅಂಚಿನವರೆಗೆ ಹೊಂದಿಸಿದ ಕಾರ್ಬ್ಯುರೇಟರ್ ಎಂಜಿನ್ ಚೆನ್ನೈಯ ಸಾಂದ್ರ ಗಾಳಿಯಲ್ಲಿ ಹೆಚ್ಚು ಒತ್ತಡಕ್ಕೊಳಗಾಗುತ್ತದೆ. ಮಿಶ್ರಣದಲ್ಲಿ ಪೆಟ್ರೋಲಿನ ಪಾಲೂ ಕಡಿಮೆಯಾಗುತ್ತದೆ. ಎರಡೂ ನಾಕಿಂಗ್‌ಗೆ ದಾರಿ. ಊರಿನಲ್ಲಿ ಗೆದ್ದ ಎಂಜಿನ್ ಪಥದಲ್ಲಿ ಪಿಸ್ಟನ್ ಸುಟ್ಟುಕೊಳ್ಳಲು ಇಷ್ಟು ಸಾಕು. ಅಲ್ಲಿಗೆ ಹೋದೊಡನೆ ಜೆಟ್ ಹಿಗ್ಗಿಸಿ, ಮುಂಗಡ ತಗ್ಗಿಸಿ ಮತ್ತೆ ಪರೀಕ್ಷಿಸಬೇಕು. ಜಗಳೂರಿನ ಬೇಸಗೆಯ ಮಧ್ಯಾಹ್ನಕ್ಕೂ ನ್ಯಾಮತಿಯ ಮಳೆಗಾಲದ ಮುಂಜಾವಿಗೂ ಟೈಮಿಂಗ್ ಒಂದೇ ಆಗಿರಲಾರದು.

ಪರೀಕ್ಷೆಗೆ ಸಾರ್ವಜನಿಕ ರಸ್ತೆ ತಕ್ಕ ಸ್ಥಳವಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 189ನೆಯ ಕಲಮು ಅದನ್ನು ಅಪರಾಧವೆಂದು ಎಣಿಸುತ್ತದೆ. ಸುಟ್ಟ ಪಿಸ್ಟನ್ನಿಗೆ ಬದಲಿಯುಂಟು, ಹೋದ ಜೀವಕ್ಕಿಲ್ಲ. ಮುಚ್ಚಿದ ಪಥ, ಶಿರಸ್ತ್ರಾಣ, ಮೇಲ್ವಿಚಾರಣೆ ಇವಿದ್ದಲ್ಲಿಯೇ ಈ ವಿದ್ಯೆಗೆ ಶೋಭೆ.

ಹೆಚ್ಚು ಬೆಲೆಯದು ಮೇಲು ಎನ್ನುವುದಕ್ಕಿಂತ, ಎಂಜಿನ್ನಿನ ಬೇಡಿಕೆಗೆ ತಕ್ಕುದೂ ಕೊಂಡವನ ಕೈಯಿಂದ ಅಳೆದು ನೋಡಬಹುದಾದುದೂ ಮೇಲು ಎಂಬುದೇ ಆಯ್ಕೆಯ ಸೂತ್ರ. ತ್ರಿಕೋನಮಿತಿ, ವಿದ್ಯುತ್ತು, ಉಷ್ಣ ಇವೆಲ್ಲ ಪಠ್ಯಪುಸ್ತಕದ ಪಾಠಗಳೇ. ಅವು ಗ್ಯಾರೇಜಿನ ಹೊಸ್ತಿಲನ್ನು ದಾಟಿದಾಗ ಕೈಯ ಕೆಲಸ ವಿದ್ಯೆಯಾಗುತ್ತದೆ, ವಿದ್ಯೆ ಅನ್ನಕ್ಕೆ ದಾರಿಯಾಗುತ್ತದೆ.