ಅನಿರೀಕ್ಷಿತ ಮೊದಲ ನಡೆ

‘ಚತುರಂಗ’ದ ತದ್ಭವವಾದ ‘ಚದುರಂಗ’ ಸೇನೆಯ ನಾಲ್ಕು ಅಂಗಗಳನ್ನು ಸೂಚಿಸುತ್ತದೆ; ಮರಾಠಿಯ ‘ಬುದ್ಧಿಬಳ’ ವಿಚಾರಶಕ್ತಿಯನ್ನು. ಅಪರೂಪದ ಆರಂಭಗಳ ಮರ್ಮವನ್ನು ತಿಳಿಯಲು ಎರಡನೆಯ ಹೆಸರೇ ಹೆಚ್ಚು ನೆರವಾಗುತ್ತದೆ.

ನುರಿತ ಆಟಗಾರರು ಮೊದಲ ನಡೆಗಳನ್ನು ಬಹುಮಟ್ಟಿಗೆ ನೆನಪಿನಿಂದಲೇ ಆಡುತ್ತಾರೆ. ಆ ನೆನಪನ್ನು ನಿರುಪಯುಕ್ತಗೊಳಿಸುವುದೇ ಅನಿರೀಕ್ಷಿತ ನಡೆಯ ಉದ್ದೇಶ. 1980ರಲ್ಲಿ ಸ್ವೀಡನ್ನಿನ ಸ್ಕಾರಾದಲ್ಲಿ ನಡೆದ ಯುರೋಪಿಯನ್ ತಂಡ ಚಾಂಪಿಯನ್‌ಷಿಪ್‌ನಲ್ಲಿ ವಿಶ್ವ ಚಾಂಪಿಯನ್ ಕಾರ್ಪೊವ್ ರಾಜನ ಮುಂದಿನ ಕಾಲಾಳನ್ನು ಎರಡು ಮನೆ ನಡೆಸಿದರು. ಇಂಗ್ಲೆಂಡಿನ ಟೋನಿ ಮೈಲ್ಸ್ ಉತ್ತರವಾಗಿ ಅಂಚಿನ ಕಾಲಾಳನ್ನು ಒಂದೇ ಮನೆ ಸರಿಸಿದರು. ಮಣೆಯ ಮಧ್ಯವನ್ನು ಎದುರಾಳಿಗೆ ಬಿಟ್ಟುಕೊಡುವ ಈ ನಡೆ ಶಾಸ್ತ್ರಸಮ್ಮತವಲ್ಲ. ಆದರೆ ಅದರ ಹಿಂದೆ ಯೋಜನೆಯಿತ್ತು. ಪಕ್ಕದ ಕಾಲಾಳು ಎರಡು ಮನೆ ಮುಂದೆ ಹೋಯಿತು. ತೆರವಾದ ಮನೆಯಲ್ಲಿ ನಿಂತ ಒಂಟೆ ದೂರದಿಂದಲೇ ಮಧ್ಯಕ್ಕೆ ಗುರಿಯಿಟ್ಟಿತು. ಮೈಲ್ಸ್ ಗೆದ್ದರು.

ಬೆರಗು ಮಾತ್ರವೇ ಗೆಲುವನ್ನು ತರದು. 1918ರಲ್ಲಿ ನ್ಯೂಯಾರ್ಕಿನಲ್ಲಿ ಮಾರ್ಷಲ್ ಒಂದು ಕಾಲಾಳನ್ನು ಬಲಿಕೊಟ್ಟು ಕಾಪಾಬ್ಲಾಂಕಾ ಅವರ ರಾಜನ ಮೇಲೆ ಹಠಾತ್ ದಾಳಿ ನಡೆಸಿದರು. ಕಾಪಾಬ್ಲಾಂಕಾ ಬಲಿಯನ್ನು ಸ್ವೀಕರಿಸಿ, ರಕ್ಷಣೆಯ ದಾರಿಯನ್ನು ಮಣೆಯ ಮುಂದೆಯೇ ಕಂಡುಕೊಂಡು ಗೆದ್ದರು.

ಅನಿರೀಕ್ಷಿತ ನಡೆ ಎದುರಾಳಿಯ ಕಂಠಪಾಠವನ್ನಷ್ಟೇ ಕಸಿಯಬಲ್ಲದು, ಬುದ್ಧಿಯನ್ನಲ್ಲ. ಆದ್ದರಿಂದ ಅದನ್ನು ಪ್ರಯೋಗಿಸುವವರು ಅದರ ಮುಂದಿನ ಹತ್ತು ನಡೆಗಳನ್ನು ಮೊದಲೇ ಮಥಿಸಿರಬೇಕು.